ಶಂಕ್ರಪ್ಪನ ಹೊಸ್ತಿಲಿಗೆ ಬಂದ ರಸ್ತೆ

ಹುಬ್ಬಳ್ಳಿಯ ಹೋಟೆಲೊಂದರ ಹಾಲ್‌ನಲ್ಲಿ ಟೈ ಕಟ್ಟಿದ ಮನುಷ್ಯನೊಬ್ಬ “ಎಂಜಿನಿಯರನ ಯೋಗ್ಯತೆ ಅವನ ಫೋಲ್ಡರ್‌ಗಳಲ್ಲಿ ಕಾಣುತ್ತದೆ” ಎಂದು ಹೇಳದೆ ಹೋಗಿದ್ದರೆ, ತಂಬೂರಿನ ರೇಣುಕವ್ವನ ತಿಪ್ಪೆಯ ನಟ್ಟನಡುವೆ ಸರಕಾರಿ ಗೂಟ ಬೀಳುತ್ತಿರಲಿಲ್ಲ.

ರಸ್ತೆ ಡಿಸೈನ್ ಮಾಡುವ ಸಾಫ್ಟ್‌ವೇರಿನ ಬಗ್ಗೆ ಒಂದು ದಿನದ ತರಬೇತಿ ಅದು. ಬಂದವರಲ್ಲಿ ಅರ್ಧ ಜನ ಊಟದ ಕೂಪನ್ ಹುಡುಕುತ್ತಿದ್ದರು, ಇನ್ನರ್ಧ ಜನ ಊಟ ಮುಗಿಸಿ ನಿದ್ದೆಯಲ್ಲಿದ್ದರು. ಮಾತನ್ನು ಎದೆಗೆ ಹಚ್ಚಿಕೊಂಡವನು ಸುಭಾಸ ಒಬ್ಬನೇ. ಬಸ್ಸಿನಲ್ಲಿ ಕಲಘಟಗಿಗೆ ಮರಳುವಾಗ ಬಾಜೂ ಕೂತವನ ಸಂತೆಚೀಲವನ್ನು ನೋಡಿ, ಉಳ್ಳಾಗಡ್ಡಿಯೂ ಬೆಲ್ಲವೂ ಒಂದೇ ಚೀಲದಲ್ಲಿರುವುದು ಈ ದೇಶದ ಮೂಲ ಸಮಸ್ಯೆ ಎಂದು ಅವನಿಗೆ ಅನಿಸಿತು.

ಸುಭಾಸ ತಂಬೂರಿನವನು, ಡಿಪ್ಲೊಮಾ ಓದಿದವನು. ಕಲಘಟಗಿ ಬಸ್‌ಸ್ಟ್ಯಾಂಡಿನ ಹತ್ತಿರ, ಗೊಬ್ಬರದಂಗಡಿಯ ಮೇಲಿನ ಮಾಳಿಗೆಯಲ್ಲಿದ್ದ ವಿಜಯೀಂದ್ರ ಸಾಹೇಬರ ಆಫೀಸಿನಲ್ಲಿ ನೌಕರಿ. ಸಾಹೇಬರು ಸರಕಾರಿ ಎಂಜಿನಿಯರ್ ಆಗಿ ನಿವೃತ್ತರಾದವರು. ಜೀವನವಿಡೀ ಯಾವ ನಕ್ಷೆಗಳಲ್ಲಿ ತಪ್ಪು ಹುಡುಕಿದರೋ ಅಂಥವನ್ನೇ ಈಗ ಮಾಡಿಸಿ ಇಲಾಖೆಗೆ ಕೊಡುತ್ತಿದ್ದರು. ಆಫೀಸಿನಲ್ಲಿ ಸಾಫ್ಟ್‌ವೇರ್ ನಿಜವಾಗಿ ಗೊತ್ತಿದ್ದವಳು ಶುಭಾ ಎಂಬ ಹುಡುಗಿ ಒಬ್ಬಳೇ. ತರಬೇತಿಗೆ ಅವಳನ್ನೇ ಕಳಿಸಬೇಕೆಂದಿದ್ದರು. ಅಲ್ಲಿ ಊಟ ಮಾತ್ರ ಛಲೋ ಇರುತ್ತದೆ, ಸುಭಾಸನನ್ನು ಕಳಿಸಿ ಎಂದು ಅವಳೇ ಹೇಳಿದ್ದಳು.

ಇಷ್ಟರಲ್ಲಿ ಸುಭಾಸನ ಮದುವೆಯ ಮಾತೂ ನಡೆದಿತ್ತು. ಹುಡುಗಿ ತಂಬೂರಿನವಳೇ, ಕೆಳಗಿನ ಓಣಿಯ ಶಂಕ್ರಪ್ಪನ ಮಗಳು ಐಶ್ವರ್ಯ. ಶಂಕ್ರಪ್ಪ ಪಂಚಾಯಿತಿ ಮೆಂಬರು. ಐಶ್ವರ್ಯ ಕಲಘಟಗಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಸುಭಾಸ ತಾಯಿ ಗುರವ್ವನ ಜೊತೆ ಹೋಗಿ, ಉಪ್ಪಿಟ್ಟು ತಿಂದು, ಹುಡುಗಿಯ ಮುಖ ನೋಡುವ ಧೈರ್ಯ ಬಾರದೆ ಉಪ್ಪಿಟ್ಟಿನ ಮುಖ ನೋಡಿ ಬಂದಿದ್ದ. ಅವಳು ಆಗ ಒಂದೇ ಒಂದು ಮಾತು ಕೇಳಿದ್ದಳು, ಉಪ್ಪು ಕಡಿಮೆ ಆಗಿದೆಯೇ ಎಂದು. ಬಹಳ ಕಡಿಮೆ ಆಗಿತ್ತು. ಇಲ್ಲ ಎಂದು ಸುಭಾಸ ಹೇಳಿದ್ದ. ಅಂದಿನಿಂದ ಅವನ ಮನಸ್ಸು ಕೆಳಗಿನ ಓಣಿಯಲ್ಲೇ ಇತ್ತು.

ಶಂಕ್ರಪ್ಪ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆ ಮೌನ ತಡೆಯಲಾಗದೆ ಸುಭಾಸನ ಬಾಯಿಂದ ಒಂದು ದೊಡ್ಡ ಮಾತು ಬಿದ್ದುಹೋಯಿತು. ತಂಬೂರಿಗೆ ಮಂಜೂರಾದ ಹೊಸ ರಸ್ತೆಯ ಡಿಸೈನು ಪೂರಾ ತನ್ನ ಕೈಯಲ್ಲೇ ಇದೆ ಎಂದುಬಿಟ್ಟ. ನಿಜವಾಗಿ ಅವನ ಕೈಯಲ್ಲಿದ್ದದ್ದು ಆ ಡಿಸೈನಿನ ಪ್ರಿಂಟ್ ತೆಗೆಯುವ ಕೆಲಸ.

“ಹಂಗಾರ ರಸ್ತಿ ಗುರುತಿನ ಗೂಟ ಬೀಳ್ಲಿ,” ಅಂದ ಶಂಕ್ರಪ್ಪ. “ನಿನ್ನ ಕೆಲಸ ನೋಡಿ ಮುಂದಿನ ಮಾತಾಡೂಣು.”

ಇಂಥ ಮಾತು ಆಡಿದ ಮೇಲೆ ಸಾಫ್ಟ್‌ವೇರ್ ಕಲಿಯದೆ ಗತಿ ಇರಲಿಲ್ಲ. ತರಬೇತಿಯಿಂದ ಬಂದವನೇ ಸುಭಾಸ ಅಭ್ಯಾಸಕ್ಕೆ ಕೂತ. ರಸ್ತೆ ಎಳೆಯಲು ಎರಡು ಬಿಂದು ಬೇಕು. ಊರಿನ ನೆಲದ ಅಳತೆಯೆಲ್ಲ ಕಂಪ್ಯೂಟರಿನಲ್ಲಿ ಇದ್ದೇ ಇತ್ತು. ಒಂದು ಬಿಂದು ತನ್ನ ಮನೆಯ ಬಾಗಿಲಿಗೆ ಇಟ್ಟ. ಇನ್ನೊಂದು ಬಿಂದುವನ್ನು ಅವನು ಇಡಲಿಲ್ಲ, ಅದೇ ಹೋಗಿ ಶಂಕ್ರಪ್ಪನ ಹೊಸ್ತಿಲ ಮೇಲೆ ಕೂತಿತು. ನಡುವೆ ಎರಡು ಚಂದದ ತಿರುವು ಹಾಕಿದ, ಮಳೆನೀರು ಹರಿಯಲು ವಾಟ ಕೊಟ್ಟ, ಎರಡೂ ಬದಿ ಗಟಾರು ಹಾಕಿದ. ಅಗಲ ಎರಡು ಲಾರಿ ಎದುರುಬದುರು ಹೋಗುವಷ್ಟು. ರೇಣುಕವ್ವನ ಹಿತ್ತಲು ಅಡ್ಡ ಬಂತು. ಪ್ರೇಮದಲ್ಲಿ ಭೂಸ್ವಾಧೀನ ಸುಲಭ, ಪರಿಹಾರ ಕೊಡದೆ ದಾಟಿದ.

ಆ ಫೈಲಿಗೆ ಅವನು ಇಟ್ಟ ಹೆಸರು ‘ತಂಬೂರ ರಸ್ತೆ’. ಅಸಲಿ ರಸ್ತೆಯ ಫೈಲಿನ ಹೆಸರೂ ಅದೇ. ಇದರಲ್ಲಿ ಅವನಿಗೆ ಯಾವ ದೋಷವೂ ಕಾಣಲಿಲ್ಲ. ಅವನ ಮನೆತನದಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ಪದ್ಧತಿ. ಊರಲ್ಲಿ ಒಂದೇ ಹೆಸರಿನವರು ಓಣಿಗಿಬ್ಬರಿದ್ದರು, ಮೇಲಿನ ಓಣಿಯವ, ಕೆಳಗಿನ ಓಣಿಯವ ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಫೈಲುಗಳೂ ಬೇರೆ ಬೇರೆ ಫೋಲ್ಡರಿನಲ್ಲಿದ್ದವು. ಓಣಿ ಬೇರೆ ಇದ್ದ ಮೇಲೆ ಹೆಸರು ಒಂದೇ ಇದ್ದರೇನು?

ಶುಕ್ರವಾರ ಶುಭಾ ತನ್ನ ಅಕ್ಕನ ಮಗುವಿನ ನಾಮಕರಣಕ್ಕೆ ಅಣ್ಣಿಗೇರಿಗೆ ಹೊರಟಳು. ಸುಭಾಸ ಕುರ್ಚಿಯನ್ನು ಅವಳ ಕಂಪ್ಯೂಟರಿನ ಕಡೆ ಎಳೆದುಕೊಂಡದ್ದನ್ನು ನೋಡಿ ಬಾಗಿಲಲ್ಲೇ ನಿಂತಳು.

“ಫೈಲ್ ಏನರ ಸರಿಸೀರಿ ಮತ್ತ,” ಅಂದಳು. “ನಕ್ಷೆದ ಒಳಗ ರಸ್ತೆ ಇರೂದಿಲ್ಲ. ರಸ್ತೆ ಯಾವ ಫೋಲ್ಡರಿನಾಗ ಅದ ಅನ್ನೋ ವಿಳಾಸ ಅಷ್ಟ ಇರ್ತದ. ಮನಿ ಬದಲು ಮಾಡಿದ್ರ ಅವು ಒಂದನ್ನೊಂದು ಹುಡುಕಲಿಕ್ಕೆ ಹೊರಡ್ತಾವ.”

ಸುಭಾಸ ಮಂದಹಾಸ ಬೀರಿದ. ತರಬೇತಿಯ ಪ್ರಮಾಣಪತ್ರ ಇದ್ದದ್ದು ಅವನ ಹತ್ತಿರ.

ಅವಳ ಬಸ್ಸು ಹೋದ ಮೇಲೆ ಅವನು ಅವಿಭಕ್ತ ಕುಟುಂಬವನ್ನು ಒಡೆಯುವ ಹಿರಿಯನ ಹಾಗೆ ಕೂತು ಪಾಲು ಮಾಡಿದ. ನೆಲದ ಫೈಲುಗಳೆಲ್ಲ ಒಂದು ಮನೆ, ನಕ್ಷೆಗಳೆಲ್ಲ ಒಂದು ಮನೆ, ರಸ್ತೆ ಎಲ್ಲಿ ಹಾಯುತ್ತದೆಂದು ತೋರಿಸುವ ನಡುಗೆರೆಗಳೆಲ್ಲ ಒಂದು ಮನೆ. ಒಂದೊಂದು ಫೋಲ್ಡರಿಗೂ ಬಣ್ಣ ಕೊಟ್ಟ. ನಡುಗೆರೆಗಳ ಮನೆಗೆ ಎರಡನೆಯ ‘ತಂಬೂರ ರಸ್ತೆ’ ಬಂದಾಗ ಕಂಪ್ಯೂಟರು ತಡೆದು, ಇದೇ ಹೆಸರಿನವನೊಬ್ಬ ಆಗಲೇ ಒಳಗಿದ್ದಾನೆ, ಅವನ ಜಾಗದಲ್ಲಿ ಇವನನ್ನು ಇಡಲೇ ಎಂದು ಕೇಳಿತು. ಯಂತ್ರವೇ ಆಗಲಿ, ಇಷ್ಟು ಮರ್ಯಾದೆಯಿಂದ ಕೇಳಿದರೆ ಇಲ್ಲ ಅನ್ನುವ ಸ್ವಭಾವ ಅವನದಲ್ಲ. ಹೌದು ಎಂದು ಒತ್ತಿದ.

ಸಾಫ್ಟ್‌ವೇರ್ ತೆರೆದಾಗ ನಕ್ಷೆ ತನ್ನ ರಸ್ತೆಯನ್ನು ಹುಡುಕಿತು. ಸುಭಾಸ ಹೊಸ ಮನೆ ತೋರಿಸಿದ. ಕೇಳಿದ ಹೆಸರಿನವನು ಅಲ್ಲಿದ್ದ. ನಕ್ಷೆಗೆ ಸಮಾಧಾನವಾಯಿತು, ಸುಭಾಸನಿಗೂ ಆಯಿತು. ಪ್ರಿಂಟ್ ತೆಗೆದು, ಹಾಳೆಯ ಮೂಲೆಯಲ್ಲಿ ಸಾಹೇಬರ ಹೆಸರು ಸರಿಯಾಗಿ ಬಂದಿದೆಯೇ ಎಂದಷ್ಟೇ ನೋಡಿದ. ಸಾಹೇಬರೂ ಅಷ್ಟನ್ನೇ ನೋಡಿ ಸಹಿ ಹಾಕಿದರು. ಹೆಸರು ಸರಿಯಾಗಿಯೇ ಬಂದಿತ್ತು.

ಶನಿವಾರ ಬೆಳಗ್ಗೆ ಗೂಟ ಹೊಡೆಯಲು ಸರ್ವೇಯರ್ ಅಬ್ದುಲಮಜೀದ ಆಳುಗಳ ಜೊತೆ ತಂಬೂರಿಗೆ ಹೋದ. ಇಪ್ಪತ್ತು ವರ್ಷ ಸರ್ವೇ ಮಾಡಿದವನಿಗೆ ರಸ್ತೆಯೊಂದು ಒಬ್ಬರ ಮನೆಯ ಬಾಗಿಲಲ್ಲಿ ಹುಟ್ಟಿ ಇನ್ನೊಬ್ಬರ ಮನೆಯ ಬಾಗಿಲಲ್ಲಿ ಸಾಯುವುದು ವಿಚಿತ್ರ ಅನಿಸಲಿಲ್ಲವೇ? ಅನಿಸಿತು. ಆದರೆ ಹೋದ ವರ್ಷ ಇನ್ನೊಂದು ಊರಿನಲ್ಲಿ, ಗೆರೆ ಬಾವಿಯೊಳಗೆ ಹೋಗುತ್ತಿದೆ ಎಂದು ಅವನು ಗೂಟವನ್ನು ಬಾಜೂ ಸರಿಸಿದ್ದಕ್ಕೆ, ನಿನ್ನ ಕೆಲಸ ಗೂಟ ಹೊಡೆಯುವುದು, ವಿಚಾರ ಮಾಡುವುದಲ್ಲ ಎಂದು ಸಾಹೇಬರು ಎಲ್ಲರೆದುರು ಬೈದಿದ್ದರು. ಅಂದಿನಿಂದ ಅವನು ವಿಚಾರ ಬಿಟ್ಟಿದ್ದ. ಈಗ ಬಾವಿ ಬಂದರೆ ಬಾವಿಗೂ ಹೊಡೆಯುತ್ತಿದ್ದ. ಕೆಲಸ ಮುಗಿಸಿ, ನಕ್ಷೆಯ ಒಂದು ಪ್ರತಿಯನ್ನು ಮೆಂಬರ್ ಶಂಕ್ರಪ್ಪನ ಕೈಗೆ ಕೊಟ್ಟು, ಚಹಾ ಕುಡಿದು ಹೋದ.

ಸುಭಾಸನಿಗೆ ಮೊದಲ ಫೋನು ಬಂದದ್ದು ತಾಯಿಯಿಂದ. ನಮ್ಮ ಬಾಗಿಲ ಮುಂದೆ ಗೂಟ ಹೊಡೆದಿದ್ದಾರೆ, ದಾಟಲು ಬರುವುದಿಲ್ಲ, ಏನು ಮಾಡಲಿ ಎಂದಳು ಗುರವ್ವ. ಸರಕಾರದ ಕೆಲಸ, ಅರಿಶಿನ ಕುಂಕುಮ ಹಚ್ಚಿ ಬಾಜೂ ದಾಟು ಎಂದು ಸುಭಾಸ ನಕ್ಕ. ಹೆಂಗಸರಿಗೆ ಎಲ್ಲ ಗೂಟವೂ ತಮ್ಮ ಬಾಗಿಲಲ್ಲೇ ಕಾಣುತ್ತದೆ ಎಂದುಕೊಂಡ. ಗುರವ್ವ ಹೇಳಿದ ಹಾಗೆ ಅರಿಶಿನ ಕುಂಕುಮ ಹಚ್ಚಿದಳು.

ಎರಡನೆಯ ಫೋನು ರೇಣುಕವ್ವನದು. ಗೂಟ ತಿಪ್ಪೆಯ ನಡುವೆ ಬಿದ್ದಿದೆ, ಕಿತ್ತು ಒಗೆಯುತ್ತೇನೆ ಎಂದಳು. ಈ ಸಲ ಸುಭಾಸ ಕುರ್ಚಿಯಿಂದ ಎದ್ದು ನಿಂತು ಮಾತಾಡಿದ. ಅಭಿವೃದ್ಧಿ ಎಂದರೇನು ಎಂದು ಅವಳಿಗೆ ವಿವರಿಸಿದ. ದೇಶಕ್ಕಾಗಿ ಜನ ಪ್ರಾಣ ಕೊಟ್ಟಿದ್ದಾರೆ, ನಿನಗೆ ಒಂದು ತಿಪ್ಪೆ ಕೊಡಲಾಗದೇ ಎಂದು ಕೇಳಿದ. ಕೊನೆಗೆ, “ಆ ಗೂಟ ಯಾರರ ಮುಟ್ಟಿದ್ರ ಸೀದಾ ಜೇಲು, ಚಿಗವ್ವಾ. ಮುಟ್ಟಾಕ ಬಂದವ್ರನ್ನ ನೀನ ಹಿಡದು ಕೊಡಬೇಕು,” ಎಂದ. ರೇಣುಕವ್ವ ಫೋನಿಟ್ಟಳು.

ಮೂರನೆಯ ಫೋನು ಶಂಕ್ರಪ್ಪನದು.

“ಸುಭಾಸಾ, ರಸ್ತಿ ನಮ್ಮ ಹೊಸ್ತಲಕ್ಕ ಬಂದೈತಲ್ಲೋ ತಮ್ಮಾ.” ದನಿ ತುಂಬಿ ಬಂದಿತ್ತು. “ಎಮ್ಮೆಲ್ಲೆ ಮನಿಗೂ ಇಂಥಾ ರಸ್ತಿ ಇಲ್ಲ. ಇಂಥಾ ಅಳಿಯಾನ ಬೇಕಾಗಿತ್ತು ನನಗ. ಇವತ್ತ ಸಂಜಿಗೆ ನಿಮ್ಮ ಅವ್ವನ್ನ ಕರಕೊಂಡು ಬಾ, ಮಾತು ಮುಗಿಸೂಣು.”

ಸುಭಾಸ ಆಗಲಿ ಎಂದು ಫೋನಿಟ್ಟು, ಮೀಸೆ ತೀಡಿ, ನಂತರ ನಿಧಾನವಾಗಿ ಕಂಪ್ಯೂಟರಿನ ಕಡೆ ತಿರುಗಿದ. ನಕ್ಷೆ ತೆರೆದ. ಶಾಲೆಯ ಮುಂದೆ ಹಾಯ್ದು ಕೆರೆದಂಡೆಗೆ ಹೋಗಬೇಕಾದ ರಸ್ತೆ ಅಲ್ಲಿರಲಿಲ್ಲ. ಅವನ ಎರಡು ಚಂದದ ತಿರುವು ಇದ್ದವು.

ಅಣ್ಣಿಗೇರಿಗೆ ಫೋನು ಮಾಡಿದಾಗ ಶುಭಾ ತೊಟ್ಟಿಲು ತೂಗುತ್ತಿದ್ದಳು. ಅಸಲಿ ರಸ್ತೆಯ ಒಂದು ಪ್ರತಿ ತನ್ನ ಪೆನ್‌ಡ್ರೈವಿನಲ್ಲಿದೆ, ಸೋಮವಾರ ಹಾಕಿಕೊಡುತ್ತೇನೆ ಎಂದಳು. ಸುಭಾಸನ ಜೀವ ಅರ್ಧ ಮರಳಿತು. “ಸರಕಾರದ ರಸ್ತೆ ನಾ ಉಳಿಸ್ತೀನಿ,” ಅಂದಳು ಶುಭಾ, “ನಿಮ್ಮ ರಸ್ತೆ ನೀವ ನೋಡ್ಕೋರಿ.” ಹಿಂದೆ ಹೆಂಗಸರು ಕೂಸಿಗೆ ಹೆಸರು ಕೂಗುತ್ತಿದ್ದರು. ಮುತ್ತಜ್ಜನ ಹೆಸರೇ ಇಟ್ಟರು.

ಉಳಿದ ಅರ್ಧ ಜೀವ ಹಿಡಿದುಕೊಂಡು ಸುಭಾಸ ತಂಬೂರಿಗೆ ಓಡಿದ. ಗೂಟ ಉಳಿದರೆ ನೌಕರಿ ಹೋಗುತ್ತದೆ, ಗೂಟ ಹೋದರೆ ಹುಡುಗಿ ಹೋಗುತ್ತಾಳೆ. ಮೊದಲು ಗೂಟ ಕಿತ್ತು, ಮದುವೆಯ ಮಾತು ಮುಗಿಸಿ, ಆಮೇಲೆ ಯಾರೋ ದುಷ್ಟರು ಕಿತ್ತರೆಂದು ಹೇಳುವುದು ಅವನ ಯೋಜನೆ. ಸುಭಾಸನ ಎಲ್ಲ ಯೋಜನೆಗಳ ಹಾಗೆ ಇದಕ್ಕೂ ಬೇರೆ ಬೇರೆ ಫೋಲ್ಡರುಗಳಿದ್ದವು, ಒಳಗೆ ಏನೂ ಇರಲಿಲ್ಲ.

ಊರು ಆಗಲೇ ರಸ್ತೆಗೆ ಹೊಂದಿಕೊಂಡಿತ್ತು. ಮೊದಲ ತಿರುವಿನಲ್ಲಿ ಗುಲಾಮಹುಸೇನ ಹೊಸ ಚಹಾದಂಗಡಿಗೆ ತಗಡು ಇಳಿಸಿದ್ದ. ಹಿತ್ತಲಲ್ಲಿ ಗೂಟ ಬಿದ್ದವರು ನಮಗೇ ಯಾಕೆ ಬಿತ್ತು ಎಂದು ಕೂಗಾಡುತ್ತಿದ್ದರು. ಬೀಳದವರು ನಮಗೇಕೆ ಬೀಳಲಿಲ್ಲ, ನಾವೇನು ಓಟು ಹಾಕಿಲ್ಲವೇ ಎಂದು ಅದಕ್ಕಿಂತ ಜೋರಾಗಿ ಕೂಗಾಡುತ್ತಿದ್ದರು. ಸುಭಾಸ ಯಾರ ಕಣ್ಣಿಗೂ ಬೀಳದೆ ಸಂದಿಯಲ್ಲಿ ನುಸುಳಿ ರೇಣುಕವ್ವನ ಹಿತ್ತಲು ಸೇರಿ, ತಿಪ್ಪೆ ಹತ್ತಿ, ಗೂಟಕ್ಕೆ ಎರಡೂ ಕೈ ಹಾಕಿ ಅಲುಗಾಡಿಸಿದ.

“ಸಿಕ್ಕ ನೋಡ್ರಿ,” ಎಂಬ ದನಿ ಹಿಂದಿನಿಂದ ಬಂತು.

ರೇಣುಕವ್ವ ಮಧ್ಯಾಹ್ನದಿಂದ ಕಸಬರಿಗೆ ಹಿಡಿದು ಕಾವಲು ಕೂತಿದ್ದಳು. ತಿಪ್ಪೆ ಹೋದ ಸಿಟ್ಟನ್ನು ಅವಳು ದೇಶಸೇವೆಗೆ ತಿರುಗಿಸಿಕೊಂಡಿದ್ದಳು. ನಾನು, ನಾನೇ ಎಂದು ಸುಭಾಸ ಹೇಳಿದರೂ ಬಿಡಲಿಲ್ಲ.

“ನೀನ ಅಂದಿ, ಮುಟ್ಟಿದವ್ರಿಗೆ ಜೇಲು. ನೀ ಮುಟ್ಟಿದ್ರ ಬ್ಯಾರೆ ಕಾಯ್ದೆ ಐತೇನೋ?”

ಮೊಣಕಾಲವರೆಗೆ ತಿಪ್ಪೆ ಮೆತ್ತಿಕೊಂಡ ಎಂಜಿನಿಯರನನ್ನು ಅಂಗಿಯ ಕೊರಳಪಟ್ಟಿ ಹಿಡಿದು ಅವಳು ಮೆಂಬರರ ಮನೆಗೆ ಒಯ್ದಳು. ದಾರಿಯಲ್ಲಿ ಅವನದೇ ಗೂಟಗಳ ಸಾಲಿತ್ತು. ತನ್ನ ರಸ್ತೆಯ ಮೇಲೆ ಮೊದಲ ಪ್ರಯಾಣ ಹೀಗಾಗುತ್ತದೆ ಎಂದು ಅವನು ಡಿಸೈನು ಮಾಡುವಾಗ ಎಣಿಸಿರಲಿಲ್ಲ. ಹಿಂದೆ ಜನ ಕೂಡುತ್ತ ಬಂದರು.

ಶಂಕ್ರಪ್ಪನ ಕಟ್ಟೆಯ ಮೇಲೆ ಜಮಖಾನೆ ಹಾಸಿತ್ತು. ಶಂಕ್ರಪ್ಪನ ಕರೆ ಹೋಗಿ, ಗುರವ್ವ ಹೊಸ ಸೀರೆ ಉಟ್ಟು ಆಗಲೇ ಬಂದು ಕೂತಿದ್ದಳು. ಗೂಟ ಎಲ್ಲೆಲ್ಲಿ ಬಿದ್ದಿವೆ ಎಂದು ಅಬ್ದುಲಮಜೀದನಿಂದ ತಿಳಿದ ವಿಜಯೀಂದ್ರ ಸಾಹೇಬರೂ ಕಾರಿನಲ್ಲಿ ಬಂದಿಳಿದಿದ್ದರು. ನಾನೇ ಸಹಿ ಹಾಕಿದ್ದೇನೆ ಎಂಬುದು ಅವರಿಗೆ ದಾರಿಯಲ್ಲಿ ನೆನಪಾಗಿತ್ತು. ಆದ್ದರಿಂದ ಅವರು ತಪ್ಪು ಎಂಬ ಶಬ್ದವನ್ನು ಬಳಸದೆ, ಇದು ಒಂದು ಪರ್ಯಾಯ ಮಾರ್ಗದ ಪ್ರಾಯೋಗಿಕ ಗುರುತು, ಇಲಾಖೆಯ ಹಂತದಲ್ಲಿ ಇದು ಸ್ವಲ್ಪ ಆಚೀಚೆ ಆಗಬಹುದು ಎಂದು ಮಾತಾಡತೊಡಗಿದರು. ಮೂವತ್ತು ವರ್ಷ ಸರಕಾರಿ ನೌಕರಿ ಮಾಡಿದ ಮನುಷ್ಯ ಅರ್ಧ ಗಂಟೆ ಏನೂ ಹೇಳದೆ ಮಾತಾಡಬಲ್ಲ. ಜನ ತಲೆಯಾಡಿಸಿದರು. ಶಂಕ್ರಪ್ಪನ ಮುಖ ಇನ್ನೂ ಅರಳಿಯೇ ಇತ್ತು. ಹೀಗೇ ಬಿಟ್ಟಿದ್ದರೆ ಮದುವೆಯೂ ಆಗಿಹೋಗುತ್ತಿತ್ತು, ರಸ್ತೆ ಇಲ್ಲ ಎಂಬುದು ಮೊದಲ ಮಗುವಿನ ತೊಟ್ಟಿಲಿನ ಹೊತ್ತಿಗೆ ಗೊತ್ತಾಗುತ್ತಿತ್ತು.

ಐಶ್ವರ್ಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಬೆಳಗಿನಿಂದ ತಲೆಕೆಳಗಾಗಿ ಹಿಡಿದು ಊರಿಗೆಲ್ಲ ತೋರಿಸಿದ್ದ ನಕ್ಷೆ ಈಗ ಅವಳ ಕೈಯಲ್ಲಿ ನೆಟ್ಟಗಿತ್ತು.

“ಈ ರಸ್ತಿ ನಮ್ಮ ಮನಿಗೆ ಬಂದು ಮುಂದ ಎಲ್ಲಿಗೆ ಹೋಗತೈತ್ರಿ?” ಎಂದು ಕೇಳಿದಳು. ಸಾಹೇಬರನ್ನಲ್ಲ, ಸುಭಾಸನನ್ನು.

ಸಾಹೇಬರು ಬಾಯಿ ತೆರೆದರು. ಸುಭಾಸ ಉಪ್ಪಿಟ್ಟಿನ ದಿನ ಸುಳ್ಳು ಹೇಳಿದ್ದ. ಈಗ ಅವಳ ಮುಖ ನೋಡಿದ, ಸುಳ್ಳು ಹುಟ್ಟಲಿಲ್ಲ.

“ಎಲ್ಲಿಗೂ ಹೋಗೂದಿಲ್ರಿ.”

“ಬಂದ ಗಾಡಿ ತಿರುಗಸಾಕ ಜಾಗಾನ ಬಿಟ್ಟಿಲ್ಲಲ್ರಿ ಮತ್ತ?”

“ತಿರುಗಿ ಹೋಗೂ ವಿಚಾರ ಇರಲಿಲ್ರಿ.”

ಗುರವ್ವ ಸೆರಗು ಬಾಯಿಗೆ ಹಿಡಿದಳು. ರೇಣುಕವ್ವ ಕೊರಳಪಟ್ಟಿ ಬಿಟ್ಟಳು. ಸುಭಾಸ ಉಳಿದದ್ದನ್ನೂ ಒಮ್ಮೆಲೇ ಹೇಳಿ ಮುಗಿಸಿದ. ಇದು ಸರಕಾರದ ರಸ್ತೆ ಅಲ್ಲ, ಕಲಿಯಲು ತಾನೇ ಎಳೆದ ಗೆರೆ. ಫೈಲು ಜೋಡಿಸುವಾಗ ಅಸಲಿಯ ಜಾಗದಲ್ಲಿ ಇದು ಕೂತುಬಿಟ್ಟಿದೆ. ಅಸಲಿ ರಸ್ತೆ ಶಾಲೆಯ ಮುಂದೆ ಹೋಗುತ್ತದೆ. ತಾನು ಡಿಸೈನು ಮಾಡಿದ್ದು ಇದೊಂದನ್ನೇ. ಸಾಹೇಬರು ಕಾರಿನ ಕಡೆ ನೋಡಿದರು.

ಶಂಕ್ರಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎಮ್ಮೆಲ್ಲೆ ಮನೆಗೂ ಇಲ್ಲದ ರಸ್ತೆ ಅವನ ಕಣ್ಣೆದುರೇ ಮುದುಡಿ ಹೋಯಿತು. ಊರಿಗೆಲ್ಲ ಹೇಳಿದ್ದಾಗಿತ್ತು.

“ಹಂಗಾರ ರಸ್ತಿ ಇಲ್ಲ,” ಅಂದ. “ರಸ್ತಿ ಇಲ್ಲಂದ್ರ ಮಾತೂ ಇಲ್ಲ. ಜಮಖಾನಿ ಸುತ್ತರಿ.”

ಯಾರೂ ಜಮಖಾನೆ ಸುತ್ತಲಿಲ್ಲ. ಐಶ್ವರ್ಯ ಅದರ ಮೇಲೆ ಬಂದು ನಿಂತಿದ್ದಳು.

“ಅಪ್ಪಾ, ನನ್ನ ಲಗ್ನ ರಸ್ತಿ ಕೂಡ ಮಾಡೂದಿದ್ರ ಹುಬ್ಬಳ್ಳಿ ಹೈವೇಕ ಕೊಡು. ಅಗಲ ಐತಿ, ನಡುವ ಹೂವಿನ ಗಿಡಾನೂ ಅದಾವ.”

ಜನ ನಕ್ಕರು. ಶಂಕ್ರಪ್ಪ ನಗಲಿಲ್ಲ. ಸುಭಾಸನ ತಲೆಯಿಂದ ತಿಪ್ಪೆ ಮೆತ್ತಿದ ಕಾಲಿನವರೆಗೆ ಒಮ್ಮೆ ನೋಡಿದ.

“ಇಂವಗ ಫೈಲ್ ಇಡಾಕ ಬರೂದಿಲ್ಲ,” ಅಂದ ಮಗಳಿಗೆ.

“ಕಲಸ್ತೇನಿ.”

“ಉಪ್ಪಿಟ್ಟಿಗೆ ಉಪ್ಪು ಇರಲಾರದ್ದೂ ತಿಳ್ಯೂದಿಲ್ಲ.”

“ತಿಳದಿತ್ತು. ನಾನ ನೋಡೀನಿ, ಉಪ್ಪಿನಕಾಯಿ ಕೇಳಿ ಹಚ್ಚಿಗೊಂಡು ತಿಂದ.”

ಸುಭಾಸ ತಲೆ ತಗ್ಗಿಸುವುದೋ ಎತ್ತುವುದೋ ತಿಳಿಯದೆ ನಡುವೆ ಎಲ್ಲೋ ಹಿಡಿದು ನಿಂತ. ಶಂಕ್ರಪ್ಪ ಬಹಳ ಹೊತ್ತು ಮೀಸೆಯೊಳಗೆ ಏನನ್ನೋ ಗೊಣಗಿ, ಮೊದಲು ಊರಲ್ಲಿ ಹೊಡೆದ ಗೂಟವನ್ನೆಲ್ಲ ಇವನೇ ತನ್ನ ಕೈಯಾರೆ ಕಿತ್ತು ತರಲಿ, ಆಮೇಲೆ ಉಳಿದ ಮಾತು ಎಂದ.

ಇಲ್ಲಿ ಒಂದು ಕಾನೂನಿನ ತೊಡಕು ಎದ್ದಿತು. ಗೂಟ ಮುಟ್ಟಿದರೆ ಜೈಲು ಎಂಬ ಕಾಯ್ದೆ ರದ್ದಾಗಿದೆ ಎಂದು ಬರವಣಿಗೆಯಲ್ಲಿ ಕೊಡದ ಹೊರತು ತಾನು ಒಂದನ್ನೂ ಕೀಳಗೊಡುವುದಿಲ್ಲ ಎಂದು ರೇಣುಕವ್ವ ಅಡ್ಡ ನಿಂತಳು. ಸಾಹೇಬರು ನಕ್ಷೆಯ ಹಿಂದೆ ಎರಡು ಸಾಲು ಬರೆದು ಸಹಿ ಹಾಕಿದರು. ಶಿಕ್ಕಾ ಎಲ್ಲಿ ಎಂದಳು. ನಿವೃತ್ತರಾದರೂ ಶಿಕ್ಕಾ ಅವರ ಜೇಬಿನಲ್ಲಿತ್ತು, ಒತ್ತಿದರು.

ಸುಭಾಸ ತನ್ನ ಮನೆಯ ಬಾಗಿಲಿನಿಂದ ಸುರು ಮಾಡಿದ. ಅರಿಶಿನ ಕುಂಕುಮದ ಗೂಟವನ್ನು ಗುರವ್ವ ಕೊಡಲಿಲ್ಲ, ದೇವರ ಜಗುಲಿಗೆ ಒಯ್ದಳು. ಗುಲಾಮಹುಸೇನ ತಿರುವಿನ ಗೂಟ ಬಿಟ್ಟುಕೊಡಲು ಒಪ್ಪದೆ, ರಸ್ತೆ ಇರಲಿ ಬಿಡಲಿ, ಇಷ್ಟು ಜನ ಕೂಡಿದ್ದಾರೆ, ಇಂದಿನ ಮಟ್ಟಿಗಾದರೂ ಚಹಾ ಮಾರುತ್ತೇನೆ ಎಂದು ಒಲೆ ಹೊತ್ತಿಸಿದ. ತಿಪ್ಪೆಯ ಗೂಟವನ್ನು ರೇಣುಕವ್ವನೇ ಕಿತ್ತು ಅವನ ಹೆಗಲ ಹೊರೆಯ ಮೇಲೆ ಒಗೆದಳು. ಊರೆಲ್ಲ ಹಿಂದೆ ಬರುತ್ತಿರಲು ಸುಭಾಸ ಗೂಟದ ಹೊರೆ ಹೊತ್ತು, ತನ್ನ ಎರಡು ಚಂದದ ತಿರುವು ದಾಟಿ, ಹೊತ್ತು ಮುಳುಗುವ ಮುಂಚೆ ಶಂಕ್ರಪ್ಪನ ಬಾಗಿಲಿಗೆ ಬಂದ.

ಕೊನೆಯ ಗೂಟ ಬರಲಿಲ್ಲ. ಕಲ್ಲಿನ ಸಂದಿಯಲ್ಲಿ ಅಬ್ದುಲಮಜೀದ ವಿಚಾರ ಮಾಡದೆ ಹೊಡೆದ ಗೂಟ ಅದು. ಸುಭಾಸ ಎಳೆದ, ಅವನ ಜೊತೆ ಇನ್ನಿಬ್ಬರು ಎಳೆದರು, ಸಾಹೇಬರು ಎಳೆಯುವ ರೀತಿಯ ಬಗ್ಗೆ ಸಲಹೆ ಕೊಟ್ಟರು. ಗೂಟ ಅಲುಗಲಿಲ್ಲ.

“ಬಿಡು,” ಅಂದ ಶಂಕ್ರಪ್ಪ. “ಕರು ಕಟ್ಟಾಕ ಬೇಕಾಗಿತ್ತು.”

ಮೂರು ತಿಂಗಳಿಗೆ ಮದುವೆ ಆಯಿತು. ಮದುಮಗ ಆ ಗೂಟಕ್ಕೆ ಎಡವಿಯೇ ಮಂಟಪ ಹತ್ತಿದ. ಅಸಲಿ ರಸ್ತೆ ಶಾಲೆಯ ಮುಂದೆ ಹಾಯ್ದು ಕೆರೆದಂಡೆಗೆ ಹೋಯಿತು, ಮರುವರ್ಷವೇ ಕಿತ್ತುಹೋಯಿತು. ಗೂಟ ಮಾತ್ರ ಈಗಲೂ ಗಟ್ಟಿಯಾಗಿದೆ. ಶಂಕ್ರಪ್ಪ ಅದಕ್ಕೆ ಕರು ಕಟ್ಟುತ್ತಾನೆ. ಅಳಿಯ ಬರುವ ಸುದ್ದಿ ತಿಳಿದರೆ ಕರುವನ್ನು ಬಿಚ್ಚಿ ಬೇರೆ ಕಡೆ ಕಟ್ಟುತ್ತಾನೆ. ಆ ಗೂಟಕ್ಕೆ ಮೊದಲು ಕಟ್ಟಿಸಿಕೊಂಡವನು ಯಾರು ಎಂಬುದು ಅವನಿಗೆ ಗೊತ್ತಿದೆ.